ಕಡಲೆಕಾಳಿನಷ್ಟು ಗೆಡ್ಡೆ

ನಾನು ಸಮಾಜ ಪಾಠದ ಟೀಚರು. ಮೇದೋಜೀರಕ ಗ್ರಂಥಿಯ ನಿಜವಾದ ಪರಿಚಯವಾದದ್ದು ಅತ್ತಿಗೆಯಿಂದ. ಅವರಿಗೆ ಬರಿಹೊಟ್ಟೆಯಲ್ಲಿ ಬೆವರು, ತೊದಲು. ಏಕಾದಶಿಯ ದಿನವಂತೂ ಕುಸಿದೇ ಬೀಳುವರು. ಸಕ್ಕರೆ ನೀರು ಕುಡಿಸಿದರೆ ಏನೂ ಆಗದವರಂತೆ ಎದ್ದು ಕೂರುವರು. ದೃಷ್ಟಿ ತೆಗೆದದ್ದೂ ಆಯಿತು, ತಾಯಿತ ಕಟ್ಟಿದ್ದೂ ಆಯಿತು. ಕೊನೆಗೆ ಆ ಗ್ರಂಥಿಯಲ್ಲಿ ಕಡಲೆಕಾಳಿನಷ್ಟು ಗೆಡ್ಡೆ ಸಿಕ್ಕಿತು. ಹೊತ್ತುಗೊತ್ತಿಲ್ಲದೆ ಇನ್ಸುಲಿನ್ ಸುರಿಸುವುದೇ ಅದರ ಕೆಲಸ.

ಮೇದೋಜೀರಕ ಎಂದೊಡನೆ ಅಣ್ಣನ ಜಂಘಾಬಲವೇ ಉಡುಗಿತು. ಆಪರೇಷನ್ ಬೇಡ, ಇದ್ದಷ್ಟು ದಿನ ಇರಲಿ ಎಂದು ಕೂತ. ಆ ಅಂಗದ ಸಾಮಾನ್ಯ ಕ್ಯಾನ್ಸರ್ ಕ್ರೂರವೇ, ನಿಜ. ಆದರೆ ಹಾರ್ಮೋನಿನ ಜೀವಕೋಶಗಳಲ್ಲಿ ಹುಟ್ಟುವ ಗೆಡ್ಡೆಗಳ ಜಾತಿ ಬೇರೆ. ಇನ್ಸುಲಿನ್ ಸುರಿಸುವಂಥವು ನೂರಕ್ಕೆ ಸುಮಾರು 90 ಹರಡುವುದಿಲ್ಲ; ತೆಗೆದರೆ ಕಾಯಿಲೆ ಮುಗಿಯಿತು. ಟೊರಾಂಟೋದ ಡಾ. ರಾಸ್ಕೋ ಗ್ರಹಾಂ 1929ರಲ್ಲೇ ಮಾಡಿ ತೋರಿಸಿದ್ದರು. ಇದೇ ಬಳಗದ ಬೇರೆ ಗೆಡ್ಡೆಗಳು ಸದ್ದಿಲ್ಲದೆ ಲಿವರ್‌ಗೆ ಹರಡುವುದುಂಟು. ಕಂಪ್ಯೂಟರಿನ ಸ್ಟೀವ್ ಜಾಬ್ಸ್‌ಗೆ 2003ರಲ್ಲಿ ಗೊತ್ತಾಯಿತು; ಪಥ್ಯ, ಬೇರುನಾರು ಎಂದು ಒಂಬತ್ತು ತಿಂಗಳು ಕಳೆದು ಆಪರೇಷನ್ನಿಗೆ ಒಪ್ಪಿದರು; 2011ರಲ್ಲಿ ತೀರಿಕೊಂಡರು. ತಡವೇ ಕಾರಣವೆಂದು ಯಾರೂ ಖಚಿತವಾಗಿ ಹೇಳಲಾರರು. ನಾನು ಮಾತ್ರ ಅಣ್ಣನಿಗೆ ಆ ಒಂಬತ್ತು ತಿಂಗಳನ್ನೇ ಒತ್ತಿ ಹೇಳಿದೆ.

ಸಹಿ ಹಾಕಿದ. ಗೆಡ್ಡೆ ತೆಗೆದ ಮೇಲೆ ಅತ್ತಿಗೆಯ ಸಕ್ಕರೆ ಕೆಲವು ದಿನ ಏರಿಯೇ ಇತ್ತು. ಇಷ್ಟು ಕಾಲ ಕೆಲಸವಿಲ್ಲದೆ ಮಲಗಿದ್ದ ಒಳ್ಳೆಯ ಜೀವಕೋಶಗಳು ಏಳಬೇಕಲ್ಲ!