ಹಳೆಯ ಮೋಟಾರು ಸೈಕಲ್ಲು ಮತ್ತು ಮಧುಗಿರಿಯ ಸೀಮೆ

ತುಮಕೂರಿಗೆ ಉತ್ತರದಲ್ಲಿ ಹಬ್ಬಿರುವ ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಎಂಬ ನಾಲ್ಕು ತಾಲ್ಲೂಕುಗಳು ಬೆಟ್ಟ, ಬಯಲು, ಕೋಟೆ, ಗೋರಿಗಳಿಂದ ನೋಡುವವರಿಗೆ ಮನೋಹರವಾದುವು. ಆದರೆ ಎರಡು ಚಕ್ರಗಳ ಮೇಲೆ ಸಂಚರಿಸುವವರಿಗೆ ಇವೇ ಕಠಿನರಾದ ಪರೀಕ್ಷಕರು. ಬಿಸಿಲು, ಕಲ್ಲು, ಮುಳ್ಳು ಈ ಮೂರೂ ಇಲ್ಲಿ ಧಾರಾಳ. ಈ ಸೀಮೆಯನ್ನು ನೋಡಬಯಸುವ ಗೃಹಸ್ಥರಿಗೆ ಪ್ರಯೋಜನವಾದೀತೆಂದು ನಮ್ಮ ಸಂಚಾರದ ವೃತ್ತಾಂತವನ್ನೂ, ಅದಕ್ಕೆ ಮುಂಚೆ ವಾಹನಕ್ಕೆ ಮಾಡಿಸಿದ ಸಿದ್ಧತೆಯನ್ನೂ ಇಲ್ಲಿ ಬರೆದಿರುವೆವು.

ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದ ಮೇಲೆ, 2024ರಲ್ಲಿ, ನಾವು ಬೇರೊಬ್ಬರು ಬಳಸಿದ್ದ ಒಂದು ಕ್ಲಾಸಿಕ್ 350 ಬುಲೆಟ್ಟನ್ನು ಕೊಂಡೆವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿಹೋದರೂ ಅಲ್ಲಿ ತಯಾರಾದ ಯೆಜ್ದಿಗಳು ಪಾಲನೆಯ ಬಲದಿಂದ ಇಂದಿಗೂ ಅಲ್ಲಲ್ಲಿ ಓಡುತ್ತಿರುವುದನ್ನು ಕಂಡವರಿಗೆ, ಹಳೆಯದೆಂಬ ಮಾತ್ರದಿಂದ ಯಂತ್ರವು ತ್ಯಾಜ್ಯವಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಕೊಂಡ ಮೇಲೆ ಕೈಯಲ್ಲಿ ಉಳಿದ ಹಣವು ಒಂದೇ ಕೆಲಸಕ್ಕೆ ಸಾಕಾಗುವಷ್ಟಿತ್ತು. ಮಾಸಿದ ಟ್ಯಾಂಕಿಗೆ ಬಣ್ಣ ಹೊಡೆಸುವುದೋ, ಟೈರುಗಳನ್ನು ಬದಲಿಸುವುದೋ ಎಂಬ ಪ್ರಶ್ನೆ ಬಂದಿತು. ಟೈರಿನ ಗೆರೆಗಳು ಆಳವಾಗಿದ್ದು, ಹೊಸದರಂತೆಯೇ ಇವೆಯೆಂದು ಮಾರಿದವರು ಹೇಳಿದ್ದರು. ನಮ್ಮ ಮನೆಯವರು, "ಹಿಂದೆ ಕೂರುವವಳು ನಾನು, ನನ್ನ ಕೈಗೆ ಬ್ರೇಕೂ ಇಲ್ಲ, ಹ್ಯಾಂಡಲೂ ಇಲ್ಲ. ಬಣ್ಣ ಹಾಗೇ ಇರಲಿ, ಮೊದಲು ಚಕ್ರ ನೋಡಿಸಿ ಅಂದರೆ" ಎಂದರು. ಆ ಮಾತಿಗೆ ಪ್ರತ್ಯುತ್ತರವಿರಲಿಲ್ಲ.

ಟೈರಿನ ವಯಸ್ಸನ್ನು ಅದರ ಪಕ್ಕದಲ್ಲಿಯೇ ಓದಬಹುದು. ಅಂಡಾಕಾರದ ಒಂದು ಗೆರೆಯೊಳಗೆ ನಾಲ್ಕು ಅಂಕೆಗಳಿರುವುವು. ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುವುವು. ನಮ್ಮ ಬಂಡಿಯ ಹಿಂದಿನ ಟೈರಿನಲ್ಲಿ 1815 ಎಂದಿತ್ತು. ಎಂದರೆ 2015ನೆಯ ಇಸವಿಯ ಹದಿನೆಂಟನೆಯ ವಾರ. ಓಡದೆ ನಿಂತಿದ್ದುದರಿಂದ ಗೆರೆ ಸವೆದಿರಲಿಲ್ಲ. ಆದರೆ ಒಂಬತ್ತು ವರ್ಷದ ಬಿಸಿಲಿಗೆ ರಬ್ಬರು ಗಡುಸಾಗಿ, ಗೋಡೆಯಲ್ಲಿ ಕೂದಲೆಳೆಯ ಬಿರುಕುಗಳು ಮೂಡಿದ್ದುವು. ಗಡುಸಾದ ರಬ್ಬರು ರಸ್ತೆಯನ್ನು ಹಿಡಿಯುವುದಿಲ್ಲ. ಐದು ವರ್ಷವಾದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು. ಹತ್ತು ತುಂಬಿದುದನ್ನು ಎಷ್ಟು ಚೆನ್ನಾಗಿ ಕಂಡರೂ ಬಿಡಬೇಕು. ಇನ್ನು ಸವೆತದ ಮಾತು: ದ್ವಿಚಕ್ರ ವಾಹನಕ್ಕೆ ಗೆರೆಯ ಆಳವು 0.8 ಮಿಲಿಮೀಟರಿಗಿಂತ ಕಡಮೆಯಾಗಕೂಡದೆಂಬುದು ಕೇಂದ್ರದ ಮೋಟಾರು ವಾಹನ ನಿಯಮ.

ಹೊಸ ಟೈರನ್ನು ಆರಿಸುವಾಗ ಅಳತೆಯನ್ನು ಬದಲಿಸಬಾರದು. ನಮ್ಮ ಮುಂದಿನ ಚಕ್ರದ ಅಳತೆ 90/90-19. ಮೊದಲನೆಯದು ಮಿಲಿಮೀಟರಿನಲ್ಲಿ ಅಗಲ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಎತ್ತರವೆಂಬ ಲೆಕ್ಕ. ಮೂರನೆಯದು ಅಂಗುಲಗಳಲ್ಲಿ ರಿಮ್ಮಿನ ವ್ಯಾಸ. ನೋಟಕ್ಕೆ ಗಂಭೀರವೆಂದು ದಪ್ಪನೆಯ ಟೈರು ಹಾಕಿಸುವವರುಂಟು. ಅದರಿಂದ ತಿರುವುಗಳಲ್ಲಿ ಬಂಡಿ ಭಾರವಾಗುವುದು. ಕಾಡುದಾರಿಗೆಂದು ಮಾಡಿದ ದಪ್ಪ ಗುಬಟುಗಳ ಟೈರೂ ನಮಗೆ ಬೇಕಿರಲಿಲ್ಲ. ನಾವು ಹೋಗುವ ದಾರಿಯೆಲ್ಲ ಬಹುಪಾಲು ಡಾಂಬರು. ಡಾಂಬರಿನ ಮೇಲೆ ಗುಬಟುಗಳ ತುದಿಯಷ್ಟೇ ನೆಲಕ್ಕೆ ತಾಗಿ ಹಿಡಿತ ಕಡಮೆಯಾಗುವುದು. ಟೈರಿನೊಡನೆ ಟ್ಯೂಬುಗಳನ್ನೂ ಹೊಸವಾಗಿಯೇ ಹಾಕಿಸಿದೆವು.

ಸಂಸ್ಕೃತದಲ್ಲಿ ಚಕ್ರದ ಅಂಗಗಳಿಗೆ ನಾಭಿ, ಅರ, ನೇಮಿ ಎಂದು ಹೆಸರು. ಅರಗಳು, ಎಂದರೆ ಕಡ್ಡಿಗಳು, ಸಡಿಲವಾದರೆ ನೇಮಿ ಓರೆಯಾಗುವುದು. ಒಂದೊಂದು ಕಡ್ಡಿಯನ್ನೂ ಸ್ಪ್ಯಾನರಿನಿಂದ ಮೆಲ್ಲನೆ ತಟ್ಟಿದರೆ ಬಿಗಿಯಾದುದು ಟಿಣ್ ಎನ್ನುವುದು, ಸಡಿಲವಾದುದು ಮಂಕಾಗಿ ಸದ್ದುಮಾಡುವುದು. ಹೀಗೆ ಕಡ್ಡಿಗಳನ್ನು ಬಿಗಿಸಿ, ಹ್ಯಾಂಡಲಿನ ಕೋನ್‌ಸೆಟ್ಟು, ಬ್ರೇಕು, ಚೈನುಗಳನ್ನು ನೋಡಿಸಿ, ಎಂಜಿನ್ನಿನ ಆಯಿಲು ಬದಲಿಸಿ, ಜನವರಿಯ ಒಂದು ಬೆಳಗ್ಗೆ ತುಮಕೂರಿನಿಂದ ಹೊರಟೆವು.

ಕೊರಟಗೆರೆಯವರೆಗೆ ಪ್ರಯಾಣ ಸುಖವಾಗಿತ್ತು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿಯ ಸೀಮೆಯಿದು. ತೆಂಗು ಅಡಕೆಗಳ ತಂಪು ಇನ್ನೂ ಉಳಿದಿದೆ. ಮುಂದೆ ರೈತರು ರಾಗಿಯ ತೆನೆಯನ್ನೂ ಹುರುಳಿಯನ್ನೂ ರಸ್ತೆಯ ಮೇಲೆಯೇ ಒಕ್ಕಣೆಗೆ ಹರವಿದ್ದರು. ಹುಲ್ಲಿನ ಮೇಲೆ ಎಂತಹ ಹೊಸ ಟೈರೂ ಜಾರುವುದು. ಅಲ್ಲಿ ವೇಗವನ್ನು ಮೊದಲೇ ತಗ್ಗಿಸಿ, ಬ್ರೇಕು ಒತ್ತದೆ, ಓರೆಯಾಗದೆ ನೇರವಾಗಿ ದಾಟಬೇಕು. ದಾಟಿದೊಡನೆ ನಿಂತು, ಚೈನಿಗೆ ಸುತ್ತಿದ ಹುಲ್ಲನ್ನೂ ಬಿಸಿಯಾದ ಸೈಲೆನ್ಸರಿಗೆ ಅಂಟಿದುದನ್ನೂ ಕಿತ್ತು ಹಾಕಬೇಕು. ಇಲ್ಲವಾದರೆ ಹೊತ್ತಿಕೊಳ್ಳುವ ಭಯವುಂಟು.

ಮಧುಗಿರಿಯನ್ನು ಹಿಂದೆ ಮದ್ದಗಿರಿಯೆಂದೂ ಕರೆಯುತ್ತಿದ್ದರು. ಊರಿನ ನೆತ್ತಿಯ ಮೇಲೆಯೇ ನಿಂತಂತಿರುವ ಆ ಏಕಶಿಲೆ ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರ. ಮಧ್ಯಾಹ್ನದಲ್ಲಿ ಆ ಬಂಡೆ ಹೊರಸೂಸುವ ಕಾವನ್ನು ಅನುಭವಿಸಿದವರಿಗೆ ಗಾಳಿಯ ವಿಷಯ ಸುಲಭವಾಗಿ ತಿಳಿಯುವುದು. ಟೈರಿನ ಗಾಳಿಯನ್ನು ಬೆಳಗ್ಗೆ, ಬಂಡಿ ಓಡುವ ಮುಂಚೆ ಅಳೆಯಿಸಬೇಕು. ಓಡಿ ಬಿಸಿಯಾದಾಗ ಒತ್ತಡ ಏರುವುದು ಸಹಜ. ಅದನ್ನು ಹೆಚ್ಚಾಯಿತೆಂದು ಬಿಡಿಸಿದರೆ ತಣ್ಣಗಾದಾಗ ಗಾಳಿ ಸಾಲದಾಗುವುದು. ಗಾಳಿ ಸಾಲದ ಟೈರು ಹೆಜ್ಜೆಹೆಜ್ಜೆಗೂ ಬಾಗಿ ಇನ್ನಷ್ಟು ಬಿಸಿಯಾಗುವುದು. ಹಿಂದೆ ಒಬ್ಬರು ಕುಳಿತರೆ ಹಿಂದಿನ ಚಕ್ರಕ್ಕೆ ಎಷ್ಟು ಗಾಳಿಯೆಂಬುದು ಕೈಪಿಡಿಯಲ್ಲಿ ಅಚ್ಚಾಗಿರುವುದು.

ಮಿಡಿಗೇಶಿಯ ಕೋಟೆಬೆಟ್ಟವನ್ನು ದಾಟಿ ಪಾವಗಡದ ಕಡೆಗೆ ಹೋಗುವಾಗ ದಾರಿಯುದ್ದಕ್ಕೂ ಬಳ್ಳಾರಿ ಜಾಲಿ. ಅದರ ಮುಳ್ಳು ಹೊಸ ಟೈರನ್ನೂ ತೂರುವುದು. ನಮ್ಮ ಹಿಂದಿನ ಚಕ್ರವೂ ಅಲ್ಲಿ ಗಾಳಿ ಕಳೆದುಕೊಂಡಿತು. ವೇಗ ಮಿತವಾಗಿದ್ದುದರಿಂದ ಬಂಡಿ ಓಲಾಡಿದರೂ ಬೀಳದೆ ನಿಂತಿತು. ಪಂಕ್ಚರ್ ಅಂಗಡಿಯ ಯುವಕನು ಟ್ಯೂಬಿಗೆ ತೇಪೆ ಹಾಕಿದೊಡನೆ ಜೋಡಿಸಲಿಲ್ಲ. "ಮುಳ್ಳಿನ ಮೊನೆ ಒಳಗೇ ಮುರಿದಿರುತ್ತೆ ಮೇಷ್ಟ್ರೇ, ಅದು ಬಿಟ್ಟರೆ ಮತ್ತೆ ಚುಚ್ಚುತ್ತೆ" ಎಂದು ಟೈರಿನ ಒಳಮೈಯನ್ನೆಲ್ಲ ಬಟ್ಟೆಯಿಂದ ಸವರಿ, ಎರಡು ಮೊನೆಗಳನ್ನು ಹುಡುಕಿ ತೆಗೆದನು. ಈ ಸೀಮೆಗೆ ಹೋಗುವವರು ತೇಪೆ ಹಾಕಿಸುವಾಗ ಈ ಒಂದು ಕಾರ್ಯವನ್ನು ತಪ್ಪದೆ ಕೇಳಿ ಮಾಡಿಸಬೇಕು. ಒಂದು ಟ್ಯೂಬನ್ನು ಜೊತೆಗಿರಿಸಿಕೊಳ್ಳಬೇಕು.

ಪಾವಗಡವು ಬಹುಭಾಗ ಆಂಧ್ರದಿಂದ ಸುತ್ತುವರಿದ ತಾಲ್ಲೂಕು. ಮಳೆ ಕೈಕೊಡುವ ಅದೇ ಬಿಸಿಲಿನಲ್ಲಿ ತಿರುಮಣಿಯ ಬಳಿ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟ್ ವಿದ್ಯುತ್ತಿನ ಸೌರ ಉದ್ಯಾನವು 2019ರಲ್ಲಿ ಪೂರ್ಣವಾಯಿತು. ಅದಕ್ಕೆ ರೈತರು ಭೂಮಿಯನ್ನು ಮಾರದೆ ಗುತ್ತಿಗೆಗೆ ಕೊಟ್ಟಿದ್ದಾರೆ. ಶನಿಮಹಾತ್ಮನ ದರ್ಶನ ಮಾಡಿ, ರಾತ್ರಿ ತಂಗಿದ್ದು, ಮಧುಗಿರಿಗೆ ಮರಳಿ ಬಡವನಹಳ್ಳಿಯ ಮಾರ್ಗವಾಗಿ ಶಿರಾ ಸೇರಿದೆವು.

ಶಿರಾ 1687ರಿಂದ 1757ರವರೆಗೆ ಮೊಗಲರ ಪ್ರಾಂತದ ರಾಜಧಾನಿ. ಮಲಿಕ್ ರಿಹಾನನ ಗೋರಿ, ಕೋಟೆಯ ಅಗಳುಗಳು ಆ ವೈಭವದ ಗುರುತುಗಳಾಗಿ ಉಳಿದಿವೆ. ಅಲ್ಲಿಂದ ತುಮಕೂರಿಗೆ ರಾಷ್ಟ್ರೀಯ ಹೆದ್ದಾರಿ. ನುಣುಪಾದ ದಾರಿ ವೇಗಕ್ಕೆ ಕರೆಯುವುದು. ಲಾರಿಗಳ ಗಾಳಿಯ ಹೊಡೆತಕ್ಕೆ ಬಂಡಿ ಪಕ್ಕಕ್ಕೆ ಸರಿಯುವುದು. ಹಳೆಯ ಟೈರು ಒಡೆದರೆ ಎಷ್ಟು ಅನರ್ಥವಾದೀತೆಂಬುದು ಅಲ್ಲಿಯೇ ಮನಸ್ಸಿಗೆ ಬರುವುದು.

ನಮ್ಮ ಬಂಡಿಯ ಟ್ಯಾಂಕು ಇಂದಿಗೂ ಮಾಸಿಯೇ ಇದೆ. ಹಳೆಯ ವಾಹನವನ್ನು ಕೊಳ್ಳುವ ಗೃಹಸ್ಥರು ಬೆಲೆ ಗೊತ್ತುಮಾಡುವ ಮುಂಚೆ ಬಗ್ಗಿ ಕುಳಿತು ಆ ನಾಲ್ಕು ಅಂಕೆಗಳನ್ನು ಓದಲಿ. ಟೈರಿನ ವೆಚ್ಚವನ್ನೂ ಬೆಲೆಯೊಳಗೇ ಎಣಿಸಲಿ. ಬಂಡಿಯ ಮೇಲಿನ ಎರಡು ಜೀವಗಳಿಗೂ ನೆಲಕ್ಕೂ ನಡುವೆ ಇರುವ ಸಂಬಂಧವೆಲ್ಲ ಅಂಗೈಯಗಲದ ಆ ರಬ್ಬರಿನದೇ.