ಟ್ರಾಲಿ ಮೇಲಿನ ವಿದ್ಯೆ

ಸದ್ದಿನ ವಿಷಯದಲ್ಲಿ ನಮ್ಮ ಸಂಪಗಾಂವ ಸೀಮೆ ಎಂದೂ ಬಡವಲ್ಲ. ಭರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡದ ದಾರಿ ಹಿಡಿದ ಟ್ರ್ಯಾಕ್ಟರ್ ಪಕ್ಕ ನಿಂತವರ ಎದೆಗೂಡನ್ನು ಕೇಳಿ, ಹೇಳುತ್ತದೆ. ಗಣಪತಿ ಕಳಿಸುವ ದಿನ ಬೈಲಹೊಂಗಲದಲ್ಲಂತೂ ಕಿವಿಗೆ ರಜೆಯೇ ಇಲ್ಲ. ಟ್ರಾಲಿಯಲ್ಲಿ ಕೆಳಗೆ ಬೇಸ್, ಮೇಲೆ ಟಾಪ್. ಆಂಪ್ಲಿಫೈಯರುಗಳ ನೆತ್ತಿಯ ಮೇಲೆ ಮೈತುಂಬ ನಾಬುಗಳಿರುವ ತೆಳ್ಳನೆಯದೊಂದು ಪೆಟ್ಟಿಗೆ. ಅದೇ ಆ್ಯಕ್ಟಿವ್ ಕ್ರಾಸ್‌ಓವರ್. ಮನೆಯಲ್ಲಿ ಸ್ಪೀಕರ್ ಕಟ್ಟುವ ಹವ್ಯಾಸಿಗಳು ಅದನ್ನು ಬ್ರಹ್ಮವಿದ್ಯೆ ಎಂಬಂತೆ ಮಾತಾಡುವಾಗ ನನಗೆ ನಗು ಬರುತ್ತದೆ.

ಸಾಮಾನ್ಯ ಸ್ಪೀಕರಿನಲ್ಲಿ ಆಂಪ್ಲಿಫೈಯರಿನಿಂದ ಬಲಿತು ಬಂದದ್ದನ್ನು ಕಾಯಿಲ್, ಕೆಪ್ಯಾಸಿಟರುಗಳು ಬೇಸಿಗಿಷ್ಟು, ಟ್ವೀಟರಿಗಿಷ್ಟು ಎಂದು ಪಾಲು ಮಾಡುತ್ತವೆ. ಆ್ಯಕ್ಟಿವ್‌ನಲ್ಲಿ ಸಿಗ್ನಲ್ ಇನ್ನೂ ಎಳೆಯದಿರುವಾಗಲೇ ಪಾಲು ಮುಗಿಯುತ್ತದೆ. ಆಮೇಲೆ ಒಂದೊಂದಕ್ಕೂ ಅದರದೇ ಆಂಪ್ಲಿಫೈಯರ್. ಅಣ್ಣತಮ್ಮಂದಿರು ಬೇರೆಯಾದ ಹಾಗೆ: ಖರ್ಚು ಹೆಚ್ಚು, ಜಗಳ ಕಡಿಮೆ. ಪಾಲು ಬದಲಿಸಲು ಹೊಸ ಕಾಯಿಲ್ ಸುತ್ತಬೇಕಿಲ್ಲ, ನಾಬು ತಿರುಗಿಸಿದರಾಯಿತು.

ನಮ್ಮ ಅಣ್ಣನ ಮಗನಿಗೆ ಆತುರ. "ಕಾಕಾ, ಒಮ್ಮೆಲೆ ತ್ರೀ-ವೇ ಮಾಡೂಣ್ರಿ" ಅಂದ. "ಮೊದ್ಲ ಎರಡು ಸುದ್ದ ಹಾಡ್ಲಿ ತಡಿಯೋ" ಅಂದೆ. 6 ಇಂಚಿನದೊಂದು ಬೇಸ್, ಒಂದು ಟ್ವೀಟರ್, 2000 ಹರ್ಟ್ಜ್ ಆಸುಪಾಸಿನಲ್ಲಿ ಗಡಿ. ಹೊಸಬರಿಗೆ ಇಷ್ಟು ಸಾಕು. ಗಡಿ ದಾಟಿದ ಮೇಲೆ ಸದ್ದು ಪ್ರತಿ ಆಕ್ಟೇವ್‌ಗೆ 24 ಡೆಸಿಬೆಲ್ ಇಳಿಯುವ ಲಿಂಕ್‌ವಿಟ್ಜ್-ರೈಲಿ ಕ್ರಮ ಒಳ್ಳೆಯದು. ಹ್ಯೂಲೆಟ್-ಪ್ಯಾಕರ್ಡ್‌ನ ಆ ಇಬ್ಬರು ಎಂಜಿನಿಯರುಗಳ ಹೆಸರು 1976ರಿಂದ ಅದಕ್ಕೆ ಅಂಟಿಕೊಂಡಿದೆ. ಗಡಿಯಲ್ಲಿ ಎರಡೂ 6 ಡೆಸಿಬೆಲ್ ತಗ್ಗಿ, ಕೂಡಿದಾಗ ಸಮ ಆಗುತ್ತವೆ.

ಭಯ ಇರುವುದು ಟ್ವೀಟರಿನದು. ಹಳೆಯ ಪದ್ಧತಿಯಲ್ಲಿ ಅದರ ಮುಂದೆ ಕೆಪ್ಯಾಸಿಟರ್ ಕಾವಲಿತ್ತು. ಇಲ್ಲಿ ನೇರ ಆಂಪ್ಲಿಫೈಯರಿಗೇ ಜೋಡಿ. ಸ್ವಿಚ್ ಹಾಕಿದಾಗಿನ ಒಂದು 'ಧಡ್' ಸಾಕು, ಕೂದಲೆಳೆಯಂಥ ಒಳತಂತಿ ಸುಟ್ಟೀತು. ಆದ್ದರಿಂದ ಕ್ರಾಸ್‌ಓವರ್ ಮೊದಲು, ಆಂಪ್ಲಿಫೈಯರ್ ಕೊನೆಗೆ ಹಚ್ಚಬೇಕು, ಆರಿಸುವಾಗ ಉಲ್ಟಾ. 8 ಓಮ್‌ನ ಟ್ವೀಟರಿಗೆ ಪ್ಲಸ್-ಮೈನಸ್ ಭೇದವಿಲ್ಲದ 20 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಸೇರಿಸಿದರೆ ಸುಮಾರು 1000 ಹರ್ಟ್ಜ್ ಕೆಳಗಿನದಕ್ಕೆ ತಡೆ. ಶುದ್ಧವಾದಿಗಳು ಮೂಗು ಮುರಿಯಲಿ. ಹೊಸ ಟ್ವೀಟರಿಗೆ ದುಡ್ಡು ಕೊಡುವವರು ಅವರಲ್ಲ.

ಹೊಂದಿಕೆ ನೋಡಲು ಟ್ವೀಟರಿನ ಎರಡು ತಂತಿ ಅದಲುಬದಲು ಮಾಡಿ, ಗಡಿಯ ಕಂಪನವನ್ನೇ ಮೆಲ್ಲಗೆ ನುಡಿಸಿ, ಸ್ಪೀಕರಿನ ಎದುರು ಕೂತು ಕೇಳಿ. ಸದ್ದು ಹಳ್ಳಕ್ಕೆ ಬಿದ್ದಂತೆ ಕುಗ್ಗಿದರೆ ಮೊದಲಿನ ಜೋಡಣೆಯೇ ಸರಿ; ತಂತಿ ಮರಳಿಸಿ, ಸ್ಕ್ರೂ ಬಿಗಿಯಿರಿ.