ಕಪಿಲೆಯ ತೆಪ್ಪೋತ್ಸವ

ವಯನಾಡಿನ ಗಿರಿಕಾನನಗಳಲ್ಲಿ ಹುಟ್ಟಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿಕೊಳ್ಳುವ ಕಪಿಲೆಗೆ ಕಬಿನಿಯೆಂಬುದೂ ಹೆಸರು. ಆ ಹೊಳೆಯ ದಡದ ನಂಜನಗೂಡಿನಲ್ಲಿ ನಡೆಯುವ ಶ್ರೀಕಂಠೇಶ್ವರಸ್ವಾಮಿಯ ದೊಡ್ಡ ಜಾತ್ರೆಯೆಂದರೆ ಐದು ತೇರುಗಳ ಜಾತ್ರೆ. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರರ ರಥಗಳು ಬೀದಿಯಲ್ಲಿ ಸಾಗುವ ವೈಭವವನ್ನು ಬಣ್ಣಿಸಿದವರು ಅನೇಕರು. ತೇರಿನ ಗದ್ದಲವಡಗಿದ ತರುವಾಯ ಸಂಜೆಯ ವೇಳೆ ನದಿಯ ಮೇಲೆ ನಡೆಯುವ ತೆಪ್ಪೋತ್ಸವವೇ ನನ್ನ ಮನಸ್ಸಿಗೆ ಹೆಚ್ಚು ಹತ್ತಿರ. ತೇರಿಗೆ ಸಹಸ್ರಾರು ಕೈಗಳು ಬೇಕು. ತೆಪ್ಪಕ್ಕೆ ನೀರನ್ನು ಬಲ್ಲ ಕೆಲವೇ ಮಂದಿ ಸಾಕು. ಅಂಬಿಗರ ಚೌಡಯ್ಯನವರನ್ನು ಶರಣರ ಸಾಲಿನಲ್ಲಿ ಕಂಡ ನಾಡಿಗೆ ಆ ಕಾಯಕದ ಹಿರಿಮೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

'ತೆಪ್ಪ' ಎಂಬುದು ಅಚ್ಚ ದೇಸಿ ಮಾತು. ತಮಿಳು ತೆಲುಗುಗಳಲ್ಲಿಯೂ ಅದರ ಒಡಹುಟ್ಟುಗಳುಂಟು. ಅದಕ್ಕೆ ಸಂಸ್ಕೃತದ 'ಉತ್ಸವ'ವನ್ನು ಗುಣಸಂಧಿಯಿಂದ ಬೆಸೆದುದು ವೈಯಾಕರಣರ ಕಣ್ಣಿಗೆ ಅರಿಸಮಾಸ. ಆದರೂ ಜನರ ನಾಲಗೆ ಒಪ್ಪಿದ ಮಾತನ್ನು ತಿದ್ದುವ ಅಧಿಕಾರ ಯಾವ ಪಂಡಿತನಿಗೂ ಇಲ್ಲವೆಂದು ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ.

ಕೆಲವು ವರ್ಷಗಳ ಹಿಂದೆ ನನ್ನ ತಾಯಿಯವರನ್ನು ಅಲ್ಲಿಗೆ ಕರೆದೊಯ್ದಿದ್ದೆ. ಆ ವೇಳೆಗೆ ಅವರ ದೃಷ್ಟಿ ಪೂರ್ತಿಯಾಗಿ ಹೋಗಿದ್ದಿತು. ಅವರು ಕಂಡ, ಕಂಡ ಎಂದೇ ಬರೆಯುತ್ತೇನೆ, ಕಡೆಯ ತೆಪ್ಪೋತ್ಸವವದು. ಟಿಪ್ಪುಸುಲ್ತಾನನ ಪಟ್ಟದಾನೆಗೆ ಕಣ್ಣು ಬರಿಸಿದುದರಿಂದ ಸ್ವಾಮಿಗೆ 'ಹಕೀಂ ನಂಜುಂಡ'ನೆಂಬ ಹೆಸರಾಯಿತೆಂದೂ, ಸುಲ್ತಾನನು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂದೂ ಪ್ರತೀತಿಯುಂಟಷ್ಟೆ. ಜೊತೆಗಿದ್ದವರೊಬ್ಬರು ಹರಕೆ ಹೊರುವಂತೆ ಸೂಚಿಸಿದಾಗ ಅವ್ವ, "ಆನೆಗಿನ್ನೂ ಪ್ರಾಯವಿತ್ತೇನೋ, ನನಗೆ ಎಂಬತ್ತಾಯಿತಲ್ಲ" ಎಂದು ನಕ್ಕುಬಿಟ್ಟರು.

ಸ್ನಾನಘಟ್ಟದ ಮೆಟ್ಟಿಲುಗಳ ಮೇಲೆ ಕುಳಿತೆವು. ಪಾರ್ವತೀಸಮೇತನಾದ ಸ್ವಾಮಿಯು ಹೂವು ದೀಪಗಳ ನಡುವೆ ತೆಪ್ಪವನ್ನೇರಿದನು. ನಾನು ದೀಪಮಾಲೆಯ ಪ್ರತಿಬಿಂಬವನ್ನು ವರ್ಣಿಸಲು ತೊಡಗುತ್ತಲೇ ಅವ್ವ ತಡೆದರು.

"ಅದಿರಲಿ ಕಣಪ್ಪ, ಹೊಳೆಯಲ್ಲಿ ನೀರೆಷ್ಟಿದೆ? ಹದಿನಾರು ಕಾಲು ಮಂಟಪದ ಬುಡ ಕಾಣುತ್ತೋ?"

ಕಾಣುತ್ತದೆಂದೆ. ಪ್ರವಾಹ ಬಂದಾಗ ಆ ಮಂಟಪವೇ ಮುಳುಗುವುದನ್ನು ಅವರು ಬಲ್ಲರು. ಗಳು ಹಿಡಿದವನು ಹುಡುಗನೋ, ವಯಸ್ಸಾದವನೋ ಎಂದು ಕೇಳಿದರು. ನರೆತ ತಲೆಯವನೆಂದು ತಿಳಿದ ಮೇಲೆ ನೆಮ್ಮದಿಯಾಯಿತು. ಅನಂತರ ನನ್ನ ಮಾತು ಅವರಿಗೆ ಬೇಕಾಗಲಿಲ್ಲ. ನಾಗಸ್ವರದ ದನಿ ಸರಿದತ್ತ ಮುಖವೂ ಸರಿಯುತ್ತಿತ್ತು. ತೆಪ್ಪ ತಿರುಗಿದರೆ ಮುಗಿದ ಕೈಗಳೂ ತಿರುಗುತ್ತಿದ್ದುವು.

ಕೈಹಿಡಿದು ಕೆಳಗಿನ ಮೆಟ್ಟಿಲಿಗೆ ಇಳಿಸಿದೆ. ಅವರು ಬೆರಳುಗಳನ್ನು ನೀರಿನಲ್ಲಿ ಅದ್ದಿ ಸುಮ್ಮನೆ ಕುಳಿತರು. ಸಣ್ಣದೊಂದು ಅಲೆ ಬಂದು ಮಣಿಕಟ್ಟನ್ನು ತೋಯಿಸಿತು.

"ಈಗ ನಮ್ಮೆದುರಿಗೇ ಇದೆ, ಅಲ್ಲವೇ?"

ಇದ್ದಿತು.

ಹಿಂದಿರುಗುವಾಗ ರಸಬಾಳೆಯೆಂದು ಅಂಗಡಿಯವನು ಕೊಟ್ಟ ಹಣ್ಣನ್ನು ಅವ್ವ ಮೂಸಿ, ತಲೆಯಾಡಿಸಿ, ಅವನ ಕೈಗೇ ಮರಳಿಸಿದರು. ಸೊರಗುರೋಗಕ್ಕೆ ತುತ್ತಾಗಿ ನಿಜವಾದ ರಸಬಾಳೆ ಆ ಸೀಮೆಯಲ್ಲಿಯೇ ಅಪರೂಪವಾಗಿದ್ದಿತು. ಅಂಗಡಿಯವನು ಮರುಮಾತಾಡಲಿಲ್ಲ.